ವೇತನವೂ ಸ್ವಯಂಸೇವೆಯೂ

ಕೂಲಿ ಪಡೆದು ಮಾಡುವ ಕಾರ್ಯಕ್ಕಿಂತ ಫಲಾಪೇಕ್ಷೆಯಿಲ್ಲದ ಸೇವೆಯೇ ಶ್ರೇಷ್ಠವೆಂಬುದು ಸಾಮಾನ್ಯ ನಂಬಿಕೆ. ಆದರೆ ಈ ನಂಬಿಕೆಯನ್ನು ಪರೀಕ್ಷೆಗೊಡ್ಡುವ ವಿಧಿಯೊಂದು ಯೆಹೂದ್ಯರ ಧರ್ಮಶಾಸ್ತ್ರದಲ್ಲಿದೆ. ಯೋಸೆಫ್ ಕಾರೋ ಎಂಬ ಪಂಡಿತನಿಂದ ರಚಿತವಾಗಿ 1565ರಲ್ಲಿ ವೆನಿಸ್ ನಗರದಲ್ಲಿ ಅಚ್ಚಾದ ‘ಶುಲ್ಹಾನ್ ಅರೂಖ್’ ಗ್ರಂಥವು, ಸಭೆಯ ಪ್ರಾರ್ಥನೆಯನ್ನು ನಡೆಸುವವನು ಉಚಿತವಾಗಿ ಬರುವವನಿಗಿಂತ ವೇತನ ಪಡೆಯುವವನಾಗಿದ್ದರೆ ಮೇಲು ಎನ್ನುತ್ತದೆ. ವೇತನ ಪಡೆದವನು ಹೊಣೆಯರಿತು ಎಚ್ಚರದಿಂದ ನಡೆಯುವನು; ಅನರ್ಹನು ತಾನಾಗಿ ಮುಂದೆ ನುಗ್ಗುವುದೂ ತಪ್ಪುವುದು ಎಂಬುದು ವ್ಯಾಖ್ಯಾನಕಾರರು ಕೊಡುವ ಕಾರಣ.

ಹೀಗೆ ಪ್ರಾರ್ಥನೆ ನಡೆಸುವ ಗಾಯಕನಿಗೆ ಹೀಬ್ರೂ ಭಾಷೆಯಲ್ಲಿ ‘ಹಜ್ಜಾನ್’ ಎಂದೂ ಇಂಗ್ಲಿಷಿನಲ್ಲಿ ‘ಕ್ಯಾಂಟರ್’ ಎಂದೂ ಹೆಸರು. ಅವನು ಸಭೆಯ ದೂತ. ಹಬ್ಬಕ್ಕೊಂದು, ಹೊತ್ತಿಗೊಂದು ಬಗೆಯ ಸ್ವರಕ್ರಮವನ್ನು ಅವನು ಅರಿತಿರಬೇಕು. ಈ ವಿದ್ಯೆಯು ಬಹುಕಾಲ ಬಾಯಿಂದ ಕಿವಿಗೆ ಹರಿದುಬಂದಿತ್ತು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಯೂರೋಪಿನ ಯೆಹೂದ್ಯರ ಸಾಮೂಹಿಕ ಹತ್ಯೆಯೊಡನೆ ಅಲ್ಲಿನ ಗುರುಪರಂಪರೆಗಳೂ ನಾಶವಾದವು. ಅಮೆರಿಕದಲ್ಲಿ 1947ರಲ್ಲಿ ‘ಕ್ಯಾಂಟರ್ಸ್ ಅಸೆಂಬ್ಲಿ’ಯೂ 1953ರಲ್ಲಿ ‘ಅಮೆರಿಕನ್ ಕಾನ್ಫರೆನ್ಸ್ ಆಫ್ ಕ್ಯಾಂಟರ್ಸ್’ ಸಂಸ್ಥೆಯೂ ಹುಟ್ಟಿದವು. ವೃತ್ತಿಯಿಂದ ಸಂಬಳ ಪಡೆಯುವವರು ಇಂಥ ಸಂಘಗಳಲ್ಲಿ ಸಂಬಳವಿಲ್ಲದೆ ದುಡಿಯುತ್ತಾರೆ: ಸಮಿತಿಗಳಲ್ಲಿ ಕುಳಿತುಕೊಳ್ಳುತ್ತಾರೆ, ಸಮ್ಮೇಳನಗಳನ್ನು ಅಣಿಗೊಳಿಸುತ್ತಾರೆ, ಕಿರಿಯರಿಗೆ ದಾರಿ ತೋರುತ್ತಾರೆ.

ಇಲ್ಲೊಂದು ಆಕ್ಷೇಪವು ಏಳಬಹುದು. ತನ್ನ ವೃತ್ತಿಯವರಿಗೇ ಮಾಡಿದ ಉಪಕಾರವು ಸೇವೆಯೆನಿಸೀತೆ? ಅದು ಸ್ವಾರ್ಥದ ವಿಸ್ತೃತ ರೂಪವಲ್ಲವೆ?

ಆಕ್ಷೇಪವು ನಿರಾಧಾರವಲ್ಲ. 1975ರಲ್ಲಿಯೇ ಬಾರ್ಬರಾ ಆಸ್ಟ್‌ಫೆಲ್ಡ್ ಎಂಬವರು ಸುಧಾರಣಾ ಪಂಥದ ವಿದ್ಯಾಲಯದಿಂದ ದೀಕ್ಷೆ ಪಡೆದ ಮೊದಲ ಮಹಿಳಾ ಕ್ಯಾಂಟರ್ ಆದರು. 1987ರಲ್ಲಿ ಕನ್ಸರ್ವೆಟಿವ್ ಪಂಥದ ವಿದ್ಯಾಪೀಠವೂ ಇಬ್ಬರು ಮಹಿಳೆಯರಿಗೆ ಆ ಪದವಿಯನ್ನಿತ್ತಿತು. ಆದರೆ ಅದೇ ಪಂಥದ ಕ್ಯಾಂಟರ್ಸ್ ಅಸೆಂಬ್ಲಿಯು ಮಹಿಳೆಯರಿಗೆ ಬಾಗಿಲು ತೆರೆದದ್ದು 1990ರಲ್ಲಿ. ತನ್ನವರು ಯಾರೆಂಬುದನ್ನು ಸಂಘವು ಕಿರಿದಾಗಿ ಎಣಿಸಿದಾಗ ಅದರ ಸೇವೆಯೇ ಬೇಲಿಯಾಗುತ್ತದೆಯೆಂಬುದಕ್ಕೆ ಇದೊಂದು ನಿದರ್ಶನ.

ಆದರೂ ಬೇಲಿಯ ಭಯದಿಂದ ಹೊಲವನ್ನೇ ಬಿಡಲಾಗದು. ಎಲ್ಲರ ಪರವಾಗಿ ಪ್ರಾರ್ಥಿಸುವವನು ತಾನೇ ಪುತ್ರಶೋಕದಲ್ಲಿರುವಾಗ ಅವನ ಪರವಾಗಿ ನಿಲ್ಲುವವರಾರು? ಯೋಮ್ ಕಿಪ್ಪೂರಿನ ಉಪವಾಸದ ದಿನದುದ್ದಕ್ಕೂ ಹಾಡಬೇಕಾದವನ ಕಂಠ ಕುಸಿದರೆ, ಆ ಭಯವನ್ನು ವಿವರಣೆಯಿಲ್ಲದೆ ಅರಿಯುವವರಾರು? ಅನೇಕ ಸಭೆಗಳಲ್ಲಿ ಕ್ಯಾಂಟರ್ ಒಬ್ಬನೇ. ಅವನಿಗೆ ಸಮಾನನು ಇನ್ನೊಂದು ಊರಿನಲ್ಲಿದ್ದಾನೆ. ಅವನಿಗೆ ನೀಡಿದ ಆಸರೆಯು ಅವನಲ್ಲೇ ನಿಲ್ಲದೆ, ಅವನ ಧ್ವನಿಯನ್ನು ನೆಚ್ಚಿದ ಸಭೆಗೆಲ್ಲ ತಲಪುತ್ತದೆ. ಹೀಗೆ ಹೊರಗೆ ಹರಿಯುವುದೇ ನಿಜವಾದ ಸೇವೆಯ ಲಕ್ಷಣ. ಒಳಗೇ ನಿಂತದ್ದು ಕೇವಲ ಪಕ್ಷಪಾತ.

ಪ್ರಾಚೀನ ವಿಧಿಯ ತಿರುಳೂ ಇಲ್ಲಿಯೇ ಇದೆ. ಅದು ಮೆಚ್ಚಿದ್ದು ಹಣವನ್ನಲ್ಲ, ಉತ್ತರದಾಯಿತ್ವವನ್ನು. “ನಾನೇನು ಸಂಬಳ ಪಡೆಯುತ್ತೇನೆಯೆ?” ಎಂದು ಕೆಲಸವನ್ನು ಅರ್ಧಕ್ಕೆ ಬಿಡುವ ಸ್ವಯಂಸೇವಕನು ತನ್ನ ದಾನವನ್ನು ತಾನೇ ಹಿಂದಕ್ಕೆ ಪಡೆದಂತೆ. ಅಂತೆಯೇ, ಸೇವೆಯ ಹೆಸರು ಹೇಳಿ ದುಡಿದವನ ನ್ಯಾಯವಾದ ವೇತನವನ್ನು ತಡೆಯುವ ಸಭೆಯೂ ಧರ್ಮದಿಂದ ಜಾರುತ್ತದೆ. ಪಡೆಯುವಲ್ಲಿ ಸಂಕೋಚ ಬೇಡ. ಕೊಡುವಲ್ಲಿ ಸಡಿಲತೆ ಸಲ್ಲದು. ವೇತನದ ಕಾರ್ಯದಲ್ಲಿರುವ ಎಚ್ಚರವನ್ನು ವೇತನವಿಲ್ಲದ ಕಾರ್ಯಕ್ಕೂ ತಂದವನೇ ನಿಜವಾದ ಸ್ವಯಂಸೇವಕನು.