ವಯಸ್ಕ ವಾಚಕನೂ ಕಾದಂಬರಿಯ ಸಂತೋಷವೂ

ಕಾವ್ಯದಿಂದ ಆಗುವ ಪ್ರಯೋಜನವೇನೆಂಬ ಪ್ರಶ್ನೆಗೆ ನಮ್ಮ ಆಲಂಕಾರಿಕರು ಬಹು ಹಿಂದೆಯೇ ಉತ್ತರ ಹೇಳಿದ್ದಾರೆ. ಕಾವ್ಯಪ್ರಕಾಶವನ್ನು ಬರೆದ ಮಮ್ಮಟನು ಕೀರ್ತಿ, ಧನ, ವ್ಯವಹಾರಜ್ಞಾನ ಮೊದಲಾದವುಗಳ ಜೊತೆಗೆ, ಓದಿದ ಕ್ಷಣದಲ್ಲಿಯೇ ಒದಗುವ ಆನಂದವನ್ನೂ ಪ್ರಯೋಜನವೆಂದೇ ಎಣಿಸಿದನು. ಉಪದೇಶವು ಪ್ರಭುವಿನ ಆಜ್ಞೆಯಂತೆ ಬರಬಹುದು, ಮಿತ್ರನ ಹಿತವಚನದಂತೆ ಬರಬಹುದು, ಪ್ರಿಯೆಯ ನುಡಿಯಂತೆ ಮನಸ್ಸನ್ನು ಒಲಿಸಿಕೊಂಡೂ ಬರಬಹುದು. ಕಾವ್ಯದ ದಾರಿ ಈ ಮೂರನೆಯದು ಎಂಬುದು ಆ ಪರಂಪರೆಯ ನಿರ್ಣಯ. ಇದನ್ನು ಕೇಳಿ ಶಿಕ್ಷಕರಾದ ನಾವೆಲ್ಲರೂ ತಲೆದೂಗುತ್ತೇವೆ. ಆದರೆ ಊರಿನ ಗ್ರಂಥಾಲಯದಲ್ಲಿ ಹಿರಿಯರೊಬ್ಬರು, “ಮೇಷ್ಟ್ರೇ, ಓದೋದಕ್ಕೆ ಒಂದು ಚೆನ್ನಾಗಿರೋ ಕಾದಂಬರಿ ಹೇಳಿ” ಎಂದು ಕೇಳಿದೊಡನೆ ನಮ್ಮ ಬಾಯಿಂದ ಹೊರಡುವುದು ಬಹುಮಟ್ಟಿಗೆ ಪ್ರಭುವಿನ ಆಜ್ಞೆಯೇ. “ಇದು ಶ್ರೇಷ್ಠ ಕೃತಿ, ಇದನ್ನು ಓದಲೇಬೇಕು” ಎನ್ನುತ್ತೇವೆ.

ಇಲ್ಲಿ ಒಂದು ನೈತಿಕ ಪ್ರಶ್ನೆ ಅಡಗಿದೆ. ಸಂತೋಷಕ್ಕಾಗಿ ಓದಬಯಸುವವರಿಗೆ ಸಂತೋಷವನ್ನೇ ಕೊಡಬೇಕೇ, ಅಥವಾ ಅವರಿಗೆ ಹಿತವೆಂದು ನಮಗೆ ತೋರಿದುದನ್ನು ಕೊಡಬೇಕೇ? ಇದು ಸಣ್ಣ ಪ್ರಶ್ನೆಯೆಂದು ಕೆಲವರಿಗೆ ತೋರಬಹುದು. ರಾಯದುರ್ಗ, ಮಡಕಶಿರಾ ಸೀಮೆಗಳಲ್ಲಿ ಇದು ಸಣ್ಣದಲ್ಲ.

ರಾಯದುರ್ಗವು ಹಿಂದೆ ಬಳ್ಳಾರಿ ಜಿಲ್ಲೆಯ ತಾಲ್ಲೂಕಾಗಿತ್ತು. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯವು ಏರ್ಪಟ್ಟಾಗ ಬಳ್ಳಾರಿಯ ಬಹುಭಾಗ ಮೈಸೂರಿಗೆ ಸೇರಿತು. ರಾಯದುರ್ಗ, ಆಲೂರು, ಆದವಾನಿಗಳು ಆಂಧ್ರದಲ್ಲಿ ಉಳಿದವು. ಮಡಕಶಿರಾ ಮೊದಲಿನಿಂದಲೂ ಅನಂತಪುರ ಜಿಲ್ಲೆಯದಾಗಿದ್ದು, 2022ರಲ್ಲಿ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿದೆ. ಆಡಳಿತದ ಗೆರೆಗಳು ಹೀಗೆ ಸರಿದರೂ ಅಗಳಿ, ರೊಳ್ಳ, ಅಮರಾಪುರ, ಡಿ. ಹಿರೇಹಾಳುಗಳ ಕಡೆ ಕನ್ನಡವು ಮನೆಮಾತಾಗಿ ಉಳಿದಿದೆ. ನೊಳಂಬರ ಕಾಲದ ಕನ್ನಡ ಶಾಸನಗಳುಳ್ಳ ಹೇಮಾವತಿಯೂ ಈ ಸೀಮೆಯದೇ. ಇಂಥ ಊರಿನಲ್ಲಿ ಶೇಂಗಾ ಬೆಳೆಯುವ ರೈತರೊಬ್ಬರನ್ನು, ಅಥವಾ ರಾಯದುರ್ಗದ ಸಿದ್ಧ ಉಡುಪಿನ ಕೆಲಸದಲ್ಲಿ ದಿನವೆಲ್ಲ ಹೊಲಿಗೆ ಯಂತ್ರದ ಮುಂದೆ ಕೂರುವ ತಾಯಿಯೊಬ್ಬರನ್ನು ನೆನೆಯೋಣ. ಕನ್ನಡ ಅಕ್ಷರವನ್ನು ಅವರು ಐದನೆಯ ತರಗತಿಯವರೆಗೆ ಕಲಿತಿರಬಹುದು. ಆಮೇಲೆ ಕಛೇರಿಯ ಕಾಗದ, ಬಸ್ಸಿನ ಬೋರ್ಡು, ಪೇಟೆಯ ಲೆಕ್ಕ ಎಲ್ಲವೂ ತೆಲುಗಿನಲ್ಲಿ ನಡೆದಿವೆ. ಮೂವತ್ತು ವರ್ಷಗಳ ಅನಂತರ ಅವರು ಕನ್ನಡದ ಕಪಾಟಿನ ಮುಂದೆ ಬಂದು ನಿಂತರೆ ಅದು ಅಲ್ಪವಾದ ಘಟನೆಯಲ್ಲ. ಆ ದಿನ ಅವರ ಕೈಗೆ ಬರುವ ಪುಸ್ತಕವು ಅವರನ್ನು ಮತ್ತೆ ಹಳೆಯ ಮಣೆಯ ಮೇಲೆ ಕೂಡಿಸಿ ಪಾಠ ಒಪ್ಪಿಸೆಂದರೆ ಅವರು ಎರಡನೆಯ ಸಲ ಬರುವುದಿಲ್ಲ.

ಆದುದರಿಂದ ಇಂಥವರಿಗೆ ಪುಸ್ತಕ ಆರಿಸುವಾಗ ನಾವು ಎರಡು ಪ್ರಲೋಭನೆಗಳನ್ನು ಗೆಲ್ಲಬೇಕಾಗುತ್ತದೆ. ಮೊದಲನೆಯದು, ಅವರನ್ನು ತಿದ್ದುವ ಆಸೆ. ಮಕ್ಕಳ ವಿಷಯದಲ್ಲಿ ತಿದ್ದುವುದು ನಮ್ಮ ವೃತ್ತಿಧರ್ಮ. ಆದರೆ ಮಳೆ ಕೈಕೊಟ್ಟ ವರ್ಷಗಳನ್ನು ಕಂಡವರು, ಸಾಲ ತೀರಿಸಿದವರು, ಮಕ್ಕಳ ಮದುವೆ ಮಾಡಿದವರು ನಮ್ಮ ವಿದ್ಯಾರ್ಥಿಗಳಲ್ಲ. 1960ರ ಆಂಧ್ರಪ್ರದೇಶದ ಸಾರ್ವಜನಿಕ ಗ್ರಂಥಾಲಯಗಳ ಕಾಯಿದೆಯಂತೆ ಮನೆತೆರಿಗೆಯೊಡನೆ ಗ್ರಂಥಾಲಯ ಕರವನ್ನು ತೆರುವವರು ಇವರೇ. ಅವರು ಕೇಳುವ ಸಂತೋಷವು ಯಾಚನೆಯಲ್ಲ, ಹಕ್ಕು.

ಎರಡನೆಯ ಪ್ರಲೋಭನೆಯು ಇನ್ನೂ ಸೂಕ್ಷ್ಮವಾದುದು, ಏಕೆಂದರೆ ಅದು ಅಭಿಮಾನದ ವೇಷದಲ್ಲಿ ಬರುತ್ತದೆ. “ಕನ್ನಡ ಉಳಿಯಬೇಕು, ಆದ್ದರಿಂದ ಕನ್ನಡ ಓದಿರಿ” ಎನ್ನುತ್ತೇವೆ. ಗಡಿನಾಡಿನಲ್ಲಿ ಕನ್ನಡ ಶಾಲೆಯನ್ನು ನಡೆಸುವವರ ಬಾಯಿಂದ ಈ ಮಾತು ಬರುವುದು ಸಹಜವೇ. ಆದರೂ ಇದು ವಾಚಕರನ್ನು ನಮ್ಮ ಉದ್ದೇಶಕ್ಕೆ ಉಪಕರಣವನ್ನಾಗಿ ಮಾಡಿಕೊಳ್ಳುವ ಮಾತು. ಬೇಸರವನ್ನು ಸಹಿಸಿಕೊಂಡು ಭಾಷಾಸೇವೆಗೆಂದು ಒಂದು ಪುಸ್ತಕವನ್ನು ಓದಿ ಮುಗಿಸಿದವರು, ಸೇವೆ ಸಂದಿತೆಂದು ಅದನ್ನು ಹಿಂದಿರುಗಿಸಿ ಹೋಗುತ್ತಾರೆ. ಮುಂದೇನಾಯಿತೆಂದು ತಿಳಿಯದೆ ದೀಪ ಆರಿಸಲಾರದೆ ಓದಿದವರು ಮಾತ್ರ ಮತ್ತೊಂದನ್ನು ಕೇಳುತ್ತಾರೆ.

ನಮ್ಮ ನಾಡಿನ ಅನುಭವವೂ ಇದನ್ನೇ ಹೇಳುತ್ತದೆ. ಬಿ. ವೆಂಕಟಾಚಾರ್ಯರು ಬಂಗಾಳಿಯಿಂದ ಬಂಕಿಮಚಂದ್ರರ ಕಾದಂಬರಿಗಳನ್ನು ತಂದರು. ಗಳಗನಾಥರು ಮರಾಠಿಯ ಐತಿಹಾಸಿಕ ಕಥೆಗಳನ್ನು ಕನ್ನಡಕ್ಕೆ ಒಗ್ಗಿಸಿ, ತಮ್ಮ ಪುಸ್ತಕಗಳನ್ನು ತಾವೇ ಹೊತ್ತು ಊರೂರಿಗೆ ಮಾರಿದರು. ಕನ್ನಡಿಗರಿಗೆ ಓದುವ ರುಚಿ ಹತ್ತಿದುದು ಇಂಥ ರೋಚಕ ಕಥೆಗಳಿಂದ. ಬಳ್ಳಾರಿ ಸೀಮೆಯ ಬೀಚಿಯವರ ವೃತ್ತಾಂತ ಸುಪ್ರಸಿದ್ಧವಾಗಿದೆ. ಪ್ರಾಯಕ್ಕೆ ಬಂದು ನೌಕರಿಯಲ್ಲಿದ್ದ ಆ ಭೀಮಸೇನರಾಯರಿಗೆ ಕನ್ನಡವೆಂದರೆ ಅನಾದರವಿತ್ತು. ಅ. ನ. ಕೃಷ್ಣರಾಯರ ‘ಸಂಧ್ಯಾರಾಗ’ವನ್ನು ಓದಿದ ಮೇಲೆ ಅವರ ಮನಸ್ಸು ತಿರುಗಿತು, ಮುಂದೆ ಅವರೇ ಕನ್ನಡವನ್ನು ನಗಿಸಿದ ಲೇಖಕರಾದರು. ಭಾಷಾಭಿಮಾನದ ಉಪನ್ಯಾಸವು ಮಾಡದ ಕೆಲಸವನ್ನು ಇಲ್ಲಿ ಒಂದು ಕಾದಂಬರಿಯು ಮಾಡಿತು.

ಹಾಗಾದರೆ ಕೈಗೆ ಸಿಕ್ಕಿದ ಯಾವುದನ್ನಾದರೂ ಕೊಡಬಹುದೇ, ಅಭಿರುಚಿಗೆ ಬೆಲೆಯೇ ಇಲ್ಲವೇ ಎಂದು ಆಕ್ಷೇಪಿಸಬಹುದು. ಆಕ್ಷೇಪವು ನ್ಯಾಯವಾದುದೇ. ಸಂತೋಷದಲ್ಲಿಯೂ ತರತಮವುಂಟು. ಓದಿದ ಮರುದಿನವೇ ಮರೆತುಹೋಗುವ ಸಂತೋಷ ಒಂದು. ಕಥೆ ಮುಗಿದ ಮೇಲೂ ಅದರ ಪಾತ್ರಗಳು ನಮ್ಮೊಡನೆ ಹೊಲಕ್ಕೆ ಬರುವ ಸಂತೋಷ ಇನ್ನೊಂದು. ಆದರೆ ಈ ತರತಮವನ್ನು ವಾಚಕರು ತಾವೇ ಓದಿ ಕಂಡುಕೊಳ್ಳಬೇಕು. ಹತ್ತು ಕಾದಂಬರಿಗಳನ್ನು ಓದಿದವರಿಗೆ ಹನ್ನೊಂದನೆಯದರ ಟೊಳ್ಳು ತಾನಾಗಿ ಕೇಳಿಸುತ್ತದೆ. ಒಂದನ್ನೂ ಓದದವರಿಗೆ ಅದನ್ನು ಉಪದೇಶಿಸಿ ಫಲವಿಲ್ಲ. ಆರಿಸಿಕೊಡುವವರ ಹೊಣೆಯೆಂದರೆ, ರಂಜನೆಯೂ ಸತ್ವವೂ ಕೂಡಿರುವ ಪುಸ್ತಕಗಳು ಎಲ್ಲಿವೆಯೆಂದು ತಿಳಿದಿರುವುದು. ಅಂಥವು ಕನ್ನಡದಲ್ಲಿ ಕಡಮೆಯೇನಿಲ್ಲ.

ಆದುದರಿಂದ ಪುಸ್ತಕದ ಹೆಸರನ್ನು ಹೇಳುವ ಮೊದಲು ನಾವು ಕೇಳಿ ತಿಳಿಯಬೇಕಾದುದು ಕೆಲವುಂಟು. ಹಿಂದೆ ಯಾವ ಕಥೆ, ಯಾವ ನಾಟಕ, ಯಾವ ಚಲನಚಿತ್ರ ಅವರಿಗೆ ಹಿಡಿಸಿತ್ತು? ಓದಲು ಸಿಗುವ ಹೊತ್ತು ಎಷ್ಟು? ದುಃಖದ ಕಥೆಯನ್ನು ಈಗ ಮನಸ್ಸು ಸಹಿಸುವುದೇ? ಬಯಲಾಟದ ಯುದ್ಧಪ್ರಸಂಗಗಳಿಗೆ ರಾತ್ರಿಯೆಲ್ಲ ಎಚ್ಚರವಿದ್ದವರಿಗೆ ತ. ರಾ. ಸುಬ್ಬರಾಯರ ‘ದುರ್ಗಾಸ್ತಮಾನ’ವನ್ನು ಕೊಡಬಹುದು. 1982ರಲ್ಲಿ ಪ್ರಕಟವಾದ ಈ ಕೃತಿಯು ಮದಕರಿನಾಯಕನ ಪತನದ ಕಥೆ. ಚಿತ್ರದುರ್ಗವು ರಾಯದುರ್ಗದವರಿಗೆ ದೂರದ ಊರೂ ಅಲ್ಲ. ಗಾತ್ರ ಕಂಡು ಅಂಜುವವರಿಗೆ ಕಾರಂತರ ‘ಚೋಮನ ದುಡಿ’ಯುಂಟು, 1980ರ ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೊ’ ಉಂಟು. ಹಾರುವ ಓತಿಯನ್ನು ಹುಡುಕಿ ಕಾಡಿಗೆ ಹೊರಡುವ ‘ಕರ್ವಾಲೊ’ದ ಮಂದಿಯೊಡನೆ, ಹೆಚ್ಚು ಓದದವರೂ ನಗುತ್ತ ನಡೆಯಬಲ್ಲರು. ಸಂಸಾರದ ಒಳಗುದಿಯನ್ನು ಬಲ್ಲ ತಾಯಂದಿರಿಗೆ ತ್ರಿವೇಣಿಯವರ ‘ಶರಪಂಜರ’ವು ಕೂಡಲೇ ಆಪ್ತವಾಗುತ್ತದೆ. ಆದರೆ ಮನೆಯಲ್ಲಿ ಮನೋವ್ಯಾಧಿಯ ನೋವನ್ನು ಉಂಡವರಿಗೆ ಅದನ್ನು ಮೊದಲ ಪುಸ್ತಕವಾಗಿ ಕೊಡುವುದು ತರವಲ್ಲ. ತೆಲುಗು ಕನ್ನಡಗಳು ಬೆರೆತ ಮಾತಿನ ಬಿಸಿ ಬಯಸುವವರಿಗೆ, ಆಂಧ್ರದ ಗಡಿಯೂರುಗಳಲ್ಲಿ ಶಿಕ್ಷಕರಾಗಿದ್ದ ಕುಂ. ವೀರಭದ್ರಪ್ಪನವರ ಕಥೆ ಕಾದಂಬರಿಗಳಿವೆ. ‘ಮಲೆಗಳಲ್ಲಿ ಮದುಮಗಳು’ ಮಹಾಕೃತಿಯೆಂಬುದರಲ್ಲಿ ಸಂದೇಹವಿಲ್ಲ. ಓದಿನ ಅಭ್ಯಾಸ ತಪ್ಪಿದವರಿಗೆ ಅದು ಮೊದಲ ಮೆಟ್ಟಿಲಾಗದು. ಅವರು ತಾವಾಗಿ ಕೇಳುವ ದಿನದವರೆಗೆ ಕಾದರೆ ಆ ಕೃತಿಗೂ ಮರ್ಯಾದೆ, ಅವರಿಗೂ ಮರ್ಯಾದೆ.

ಆರಿಸುವುದರಲ್ಲಿ ಪ್ರಾಮಾಣಿಕತೆಯೂ ಬೇಕು. ನಮಗೆ ಪ್ರಿಯವಾದ ಪುಸ್ತಕವೆಂದೂ ಅವರಿಗೆ ಹಿಡಿಸಬಹುದಾದ ಪುಸ್ತಕವೆಂದೂ ಎರಡು ಬಗೆಯುಂಟು. ಒಂದನ್ನು ಇನ್ನೊಂದೆಂದು ಹೇಳಿ ದಾಟಿಸಬಾರದು. ಹಾಗೆಯೇ ಅರ್ಧಕ್ಕೆ ನಿಲ್ಲಿಸುವ ಸ್ವಾತಂತ್ರ್ಯವನ್ನು ಪುಸ್ತಕದೊಡನೆಯೇ ಕೊಡಬೇಕು. “ಹಿಡಿಸದಿದ್ದರೆ ತಂದುಬಿಡಿ, ಬೇರೆ ನೋಡೋಣ” ಎಂಬ ಒಂದು ಮಾತಿನಿಂದ ಎಷ್ಟೋ ಜನರ ಸಂಕೋಚ ಕಳೆಯುತ್ತದೆ. ಭಾರತದ ಗ್ರಂಥಾಲಯ ಶಾಸ್ತ್ರದ ಪಿತಾಮಹರಾದ ಎಸ್. ಆರ್. ರಂಗನಾಥನ್ ಅವರು 1931ರಲ್ಲಿ ಪ್ರಕಟಿಸಿದ ಐದು ಸೂತ್ರಗಳಲ್ಲಿ, ಪ್ರತಿಯೊಬ್ಬ ವಾಚಕನಿಗೂ ಅವನ ಪುಸ್ತಕ ದೊರೆಯಬೇಕೆಂಬುದೂ ಪ್ರತಿಯೊಂದು ಪುಸ್ತಕಕ್ಕೂ ಅದರ ವಾಚಕ ದೊರೆಯಬೇಕೆಂಬುದೂ ಸೇರಿವೆ. ಅಲ್ಲಿ ವಾಚಕನನ್ನು ಪುಸ್ತಕದ ಅಳತೆಗೆ ಕತ್ತರಿಸಬೇಕೆಂಬ ಸೂತ್ರವಿಲ್ಲ.

ವಿದ್ಯಾರ್ಥಿಗಳಿಗೂ ಇದರಲ್ಲಿ ಪಾತ್ರವುಂಟು. ನಿಮ್ಮ ಮನೆಯಲ್ಲಿ ಅಜ್ಜಿಗೆ ಕಣ್ಣು ಮಂಜಾಗಿರಬಹುದು, ತಂದೆಗೆ ಒತ್ತಕ್ಷರ ಮರೆತಿರಬಹುದು. ಅವರಿಗೆ ಯಾವ ಬಗೆಯ ಕಥೆ ಇಷ್ಟವೆಂದು ಕೇಳಿ ತಿಳಿದು, ಗ್ರಂಥಾಲಯದಿಂದ ಒಂದು ಕಾದಂಬರಿಯನ್ನು ತಂದು, ದಿನಕ್ಕೆ ನಾಲ್ಕು ಪುಟ ಗಟ್ಟಿಯಾಗಿ ಓದಿ ಹೇಳಿರಿ. ಕಥೆಯ ನೀತಿಯೇನೆಂದು ಅವರನ್ನು ಕೇಳಬೇಡಿರಿ. ಐದನೆಯ ಪುಟವನ್ನೂ ಓದೆಂದು ಅವರೇ ಹೇಳಿದರೆ ನೀವು ಆರಿಸಿದ ಪುಸ್ತಕ ಸರಿಯಾದುದೆಂದು ತಿಳಿಯಿರಿ.