ಮಾಸ್ತರರ ಸರ್ಟಿಫಿಕೇಟು

ನಮ್ಮ ದಕ್ಷಿಣ ಕನ್ನಡದ ಊರುಗಳಲ್ಲಿ ‘ಮಾಸ್ತರು’ ಎಂಬುದು ಬರಿಯ ಉದ್ಯೋಗದ ಹೆಸರಲ್ಲ. ತಹಸೀಲ್ದಾರರು ವರ್ಗವಾಗಿ ಹೋದೊಡನೆ ಊರು ಅವರನ್ನು ಮರೆಯುತ್ತದೆ. ಮಾಸ್ತರರು ನಿವೃತ್ತರಾಗಿ ಇಪ್ಪತ್ತು ವರ್ಷ ಕಳೆದರೂ ಮಾಸ್ತರರೇ. ಪಂಚಾಯತಿಕೆಗೆ ಅವರು ಬೇಕು, ಮದುವೆಯ ಕಾಗದ ಬರೆಯಲು ಅವರು ಬೇಕು. ಈ ಹೆಸರನ್ನು ಅವರಿಗೆ ಕೊಟ್ಟವರು ಯಾರು? ಸರಕಾರವೆ, ಊರೆ, ಅಥವಾ ಅವರ ಮುಂದೆ ಕುಳಿತ ಮಕ್ಕಳೆ? ಈ ಪ್ರಶ್ನೆ ಹಳೆಯದಾದರೂ ಈಚಿನ ದಿನಗಳಲ್ಲಿ ಸಾವಿರಾರು ಮನೆಗಳ ಅನ್ನದ ಪ್ರಶ್ನೆಯೂ ಆಗಿ ನಿಂತಿದೆ. ಆದುದರಿಂದ ಅದನ್ನು ಸ್ವಲ್ಪ ಸಾವಧಾನವಾಗಿ ಪರಿಶೀಲಿಸುವುದು ಅಗತ್ಯ.

ಐಗಳ ಮಠದ ಕಾಲದಲ್ಲಿ ಐಗಳನ್ನು ಯಾರೂ ಸರ್ಟಿಫಿಕೇಟು ಕೇಳುತ್ತಿರಲಿಲ್ಲ. ಮರಳಿನ ಮೇಲೆ ಮಗುವಿನ ಬೆರಳು ಹಿಡಿದು ಅಕ್ಷರ ತಿದ್ದಿಸುವವನೇ ಐಗಳು. ಊರು ಮೆಚ್ಚಿದರೆ ಮಠ ನಡೆಯಿತು. ಮೆಚ್ಚದಿದ್ದರೆ ಐಗಳು ಗಂಟು ಕಟ್ಟಿ ಮುಂದಿನ ಊರಿಗೆ ಹೋದರು. ಆಮೇಲೆ ಮದರಾಸು ಸರಕಾರದ ಆಡಳಿತ ಬಂತು. ‘ಟ್ರೈನಿಂಗ್ ಆದ ಮಾಸ್ತರು’, ‘ಟ್ರೈನಿಂಗ್ ಆಗದ ಮಾಸ್ತರು’ ಎಂದು ಎರಡು ಜಾತಿಗಳಾದುವು. ಆದವರಲ್ಲಿಯೂ ಹೈಯರ್ ಎಲಿಮೆಂಟರಿ, ಸೆಕೆಂಡರಿ ಗ್ರೇಡು ಎಂಬ ಪಂಗಡಗಳು. 1956ರಲ್ಲಿ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತು; ಕ್ರಮೇಣ ಟಿ.ಸಿ.ಎಚ್., ಡಿ.ಎಡ್. ಎಂಬ ಹೆಸರುಗಳು ನಮ್ಮ ಕಿವಿಗೆ ರೂಢಿಯಾದುವು.

ಇಂದು ಕರ್ನಾಟಕದಲ್ಲಿ ಮಾಸ್ತರಿಕೆಯ ದಾರಿ ಹೀಗಿದೆ. ಪಿ.ಯು.ಸಿ. ಮುಗಿಸಿ ಎರಡು ವರ್ಷದ ಡಿ.ಎಲ್.ಎಡ್. ಓದಿದವರು ಒಂದರಿಂದ ಐದನೆಯ ತರಗತಿಯವರೆಗಿನ ಬಾಗಿಲಿಗೆ ಬರುತ್ತಾರೆ. ಆರರಿಂದ ಎಂಟರವರೆಗೆ ಪದವಿಯೂ ಅದರ ಜೊತೆಗೆ ತರಬೇತಿಯೂ ಬೇಕು. ಹೈಸ್ಕೂಲಿಗೆ ಪದವಿಯ ಮೇಲೆ ಬಿ.ಎಡ್.; ಅದಕ್ಕೂ 2015ರಿಂದ ಎರಡು ವರ್ಷ. ಎಂಟನೆಯ ತರಗತಿಯವರೆಗಿನ ಮಾಸ್ತರಿಕೆಗೆ ಇಷ್ಟೇ ಸಾಲದು, ಶಿಕ್ಷಕರ ಅರ್ಹತಾ ಪರೀಕ್ಷೆ, ಎಂದರೆ ಟಿ.ಇ.ಟಿ., ಉತ್ತೀರ್ಣವಾಗಬೇಕು. ಎರಡೂವರೆ ಗಂಟೆ, 150 ಪ್ರಶ್ನೆ, 150 ಅಂಕ. ಸಾಮಾನ್ಯ ವರ್ಗದವರಿಗೆ 90 ಬಂದರೆ ತೇರ್ಗಡೆ. ಅದೂ ಕೆಲಸದ ಆದೇಶವಲ್ಲ, ಕೆಲಸ ಕೇಳುವ ಅರ್ಹತೆ ಮಾತ್ರ. ಸರಕಾರ ಹುದ್ದೆಗಳನ್ನು ಪ್ರಕಟಿಸಬೇಕು, ಮತ್ತೊಂದು ಸ್ಪರ್ಧಾ ಪರೀಕ್ಷೆ ಬರೆಯಬೇಕು, ಪಟ್ಟಿಯಲ್ಲಿ ಹೆಸರು ಬರಬೇಕು. 2022ರಲ್ಲಿ 15,000 ಹುದ್ದೆಗಳಿಗೆ ಅಂಥ ಪರೀಕ್ಷೆ ನಡೆಯಿತು. ಮೂಡುಬಿದಿರೆಯಂಥ ವಿದ್ಯಾಕೇಂದ್ರದಲ್ಲಿ, ಬಿ.ಎಡ್. ಕಾಲೇಜು ಇರುವ ಊರಿನಲ್ಲಿ, ಈ ದಾರಿಯ ಒಂದೊಂದು ಮೈಲಿಗಲ್ಲಿನ ಬಳಿಯೂ ನಿಂತು ಕಾಯುವ ತರುಣ ತರುಣಿಯರು ನಮ್ಮ ಕಣ್ಣಿಗೆ ಬೀಳುತ್ತಾರೆ.

ಇಷ್ಟೊಂದು ಕಾಗದವೇಕೆ ಎಂದು ನಗುವವರಿದ್ದಾರೆ. “ಹಿಂದಿನ ಮಾಸ್ತರರಿಗೆ ಯಾವ ಟಿ.ಇ.ಟಿ. ಇತ್ತು? ಅವರು ಕಲಿಸಲಿಲ್ಲವೆ?” ಎಂಬುದು ಜಗಲಿಯ ಮೇಲಿನ ಸಾಮಾನ್ಯ ವಾದ. ಅದರಲ್ಲಿ ಸತ್ಯಾಂಶವಿದೆ, ಆದರೆ ಪೂರ್ಣ ಸತ್ಯವಿಲ್ಲ. ಹಿಂದಿನ ಒಳ್ಳೆಯ ಮಾಸ್ತರರನ್ನು ನಾವು ನೆನೆಯುತ್ತೇವೆ. ಬೆತ್ತವೊಂದನ್ನೇ ಬಲ್ಲವರನ್ನು ಮರೆತಿದ್ದೇವೆ. ಅವರ ಕೈಯಲ್ಲಿ ಎರಡನೆಯ ತರಗತಿಗೇ ಶಾಲೆ ಬಿಟ್ಟ ಮಕ್ಕಳು ಜಗಲಿಗೆ ಬಂದು ವಾದಿಸುವುದಿಲ್ಲ.

ಇಲ್ಲಿ ಒಂದು ಭೇದವನ್ನು ಗಮನಿಸಬೇಕು. ವೈದ್ಯರು ಸರಿ ಬಾರದಿದ್ದರೆ ರೋಗಿ ಬೇರೆಯವರ ಬಳಿಗೆ ಹೋಗುತ್ತಾನೆ. ವಕೀಲರು ಸರಿಯಿಲ್ಲದಿದ್ದರೆ ಕಕ್ಷಿಗಾರ ವಕಾಲತ್ತು ಹಿಂದಕ್ಕೆ ಪಡೆಯುತ್ತಾನೆ. ಆರು ವರ್ಷದ ಮಗುವಿಗೆ ಈ ಸ್ವಾತಂತ್ರ್ಯ ಇಲ್ಲ. ತನ್ನ ಮುಂದೆ ನಿಂತವರು ತಿಳಿದವರೋ ಅಲ್ಲವೋ ಎಂದು ಅಳೆಯುವ ಕೋಲೂ ಅದರ ಕೈಯಲ್ಲಿಲ್ಲ. ಆ ಕೋಲನ್ನು ಕೊಡಬೇಕಾದವರೇ ಆ ಮಾಸ್ತರರು. ಇದರ ಮೇಲೆ 2010ರ ಏಪ್ರಿಲ್ 1ರಿಂದ ಶಿಕ್ಷಣ ಹಕ್ಕಿನ ಕಾನೂನು ಜಾರಿಗೆ ಬಂದಿದೆ. ಆರರಿಂದ ಹದಿನಾಲ್ಕು ವರ್ಷದ ಮಗುವಿಗೆ ಶಿಕ್ಷಣ ಉಚಿತ ಮಾತ್ರವಲ್ಲ, ಕಡ್ಡಾಯ. ಶಾಲೆಗೆ ಬಾ ಎಂದು ಮಗುವನ್ನು ಕಡ್ಡಾಯವಾಗಿ ಕರೆದ ಮೇಲೆ, ಅಲ್ಲಿ ಯಾರೋ ಒಬ್ಬರನ್ನು ನಿಲ್ಲಿಸಿದರಾಯಿತು ಎನ್ನುವುದು ನ್ಯಾಯವೆ? ಕಡ್ಡಾಯ ಮಾಡಿದವನ ತಲೆಯ ಮೇಲೆ ಕರ್ತವ್ಯ ಬಂದು ಕೂರುತ್ತದೆ.

ಆದುದರಿಂದ ಸರ್ಟಿಫಿಕೇಟು ಮಾಸ್ತರರಿಗೆ ಕೊಟ್ಟ ಬಿರುದಲ್ಲ. ಅದು ಮಗುವಿಗೆ ಕೊಟ್ಟ ಮಾತು. “ನಿನಗೆ ಆರಿಸುವ ಶಕ್ತಿಯಿಲ್ಲ, ನಿನ್ನ ಪರವಾಗಿ ನಾವು ಆರಿಸಿದ್ದೇವೆ, ಇವರಿಗೆ ನಿನಗೆ ಕಲಿಸುವಷ್ಟು ತಿಳಿದಿದೆ” ಎಂದು ಸಮಾಜ ಮಗುವಿಗೆ ಬರೆದುಕೊಟ್ಟ ಚೀಟಿ. ಹೀಗೆ ನೋಡಿದರೆ ಅದನ್ನು ಹಗುರವಾಗಿ ನಗಲಾಗದು. ಅದರ ಮಿತಿಯೂ ಹೀಗೆ ನೋಡಿದಾಗಲೇ ಸ್ಪಷ್ಟವಾಗುತ್ತದೆ.

ಮಿತಿ ಯಾವುದು? ಮೂಡುಬಿದಿರೆಯ ಆಸುಪಾಸಿನ ಒಂದು ಒಂದನೆಯ ತರಗತಿಯನ್ನು ಊಹಿಸಿಕೊಳ್ಳಿ. ಮಕ್ಕಳಲ್ಲಿ ಹೆಚ್ಚಿನವರ ಮನೆಮಾತು ತುಳು. ಕೆಲವರದು ಕೊಂಕಣಿ, ಕೆಲವರದು ಬ್ಯಾರಿ. ಪಾಠ ಕನ್ನಡದಲ್ಲಿ. ಮೊದಲ ದಿನ ಅಳುವ ಮಗುವನ್ನು ಯಾವ ಭಾಷೆಯಲ್ಲಿ ಸಂತೈಸಬೇಕು, ತುಳುವಿನ ಮಾತಿನಿಂದ ಕನ್ನಡದ ಮಾತಿಗೆ ಸೇತುವೆಯನ್ನು ಹೇಗೆ ಹಾಕಬೇಕು, ತಪ್ಪು ಹೇಳಿದ ಮಗು ನಾಚಿ ಬಾಯಿ ಮುಚ್ಚಿಕೊಳ್ಳದಂತೆ ಹೇಗೆ ತಿದ್ದಬೇಕು? ಮಾಸ್ತರಿಕೆಯ ಅರ್ಧ ಪ್ರಾಣ ಇಲ್ಲಿದೆ. 150 ಪ್ರಶ್ನೆಗಳಲ್ಲಿ 30 ಪ್ರಶ್ನೆ ಶಿಶುವಿಕಾಸ, ಬೋಧನಕ್ರಮಗಳ ಮೇಲೆಯೇ ಇರುವುದು ನಿಜ. ಆದರೆ ನಾಲ್ಕು ಉತ್ತರಗಳಲ್ಲಿ ಸರಿಯಾದುದಕ್ಕೆ ಗುರುತು ಹಾಕುವುದು ಬೇರೆ; ನಾಲ್ಕೂ ಉತ್ತರ ತಿಳಿಯದೆ ನಿಂತ ಮಗುವಿನ ಮುಂದೆ ತಾಳ್ಮೆಯಿಂದ ನಿಲ್ಲುವುದು ಬೇರೆ. ಓದು ಒಕ್ಕಾಲು, ಬುದ್ಧಿ ಮುಕ್ಕಾಲು ಎಂದು ನಮ್ಮ ಹಿರಿಯರು ಹೇಳಿದರು. ಪರೀಕ್ಷೆ ಒಕ್ಕಾಲನ್ನು ಅಳೆಯುತ್ತದೆ. ಅಳೆಯಲಿ, ಅಳೆದುದೇ ಪೂರ್ತಿ ಎಂದು ತಿಳಿಯದಿದ್ದರಾಯಿತು.

ನಮ್ಮ ಜಿಲ್ಲೆಯ ಚರಿತ್ರೆ ಇದಕ್ಕೆ ಎರಡು ಸಾಕ್ಷಿ ಒದಗಿಸುತ್ತದೆ. ನಂದಳಿಕೆಯ ಲಕ್ಷ್ಮೀನಾರಣಪ್ಪ ಉಡುಪಿಯಲ್ಲಿ ವ್ಯಾಯಾಮದ ಉಪಾಧ್ಯಾಯರಾಗಿದ್ದರು. ಕಾಗದದ ಪ್ರಕಾರ ಅವರ ಯೋಗ್ಯತೆ ಕಸರತ್ತು ಕಲಿಸುವಷ್ಟು. ಅದೇ ಮನುಷ್ಯ ಮುದ್ದಣನೆಂದು, ‘ಶ್ರೀ ರಾಮಾಶ್ವಮೇಧಂ’ ಬರೆದವನೆಂದು ಲೋಕಕ್ಕೆ ಗೊತ್ತಾಗುವ ಹೊತ್ತಿಗೆ ತಡವಾಗಿತ್ತು. 1901ರಲ್ಲಿ, ಮೂವತ್ತೊಂದರ ಪ್ರಾಯದಲ್ಲಿ, ಅವರು ತೀರಿಕೊಂಡರು. ಕಾಗದಕ್ಕೆ ಕಾಣದ ಯೋಗ್ಯತೆ ಇದು. ಇನ್ನೊಂದು ಸಾಕ್ಷಿ ಇದಕ್ಕೆ ವಿರುದ್ಧವಾದುದು. ಕುದ್ಮುಲ್ ರಂಗರಾಯರು ಮಂಗಳೂರಿನಲ್ಲಿ ದಲಿತ ಮಕ್ಕಳಿಗಾಗಿ 1890ರ ದಶಕದಲ್ಲಿ ಶಾಲೆ ತೆರೆದಾಗ, ಕಲಿಸಲು ಒಪ್ಪುವವರು ದೊರೆಯುವುದೇ ಕಷ್ಟವಾಯಿತು. ಓದು ಬಲ್ಲವರು ಊರಲ್ಲಿ ಇರಲಿಲ್ಲವೆಂದಲ್ಲ. ಆ ಮಕ್ಕಳ ಮುಂದೆ ನಿಲ್ಲುವ ಮನಸ್ಸು ಇರಲಿಲ್ಲ. ತಿಳಿವು ಇದ್ದೂ ಮನಸ್ಸು ಇಲ್ಲದಿದ್ದರೆ ಆ ತಿಳಿವು ಮಗುವಿನ ಪಾಲಿಗೆ ಇಲ್ಲದಂತೆಯೇ.

ಮೂಡುಬಿದಿರೆಯ ಗುರು ಬಸದಿಯಲ್ಲಿ ಧವಲ, ಜಯಧವಲ, ಮಹಾಧವಲವೆಂಬ ತಾಳೆಯೋಲೆಯ ಸಿದ್ಧಾಂತ ಗ್ರಂಥಗಳನ್ನು ಶತಮಾನಗಳ ಕಾಲ ಕಾಪಾಡಿದರು. ಬೇರೆಲ್ಲಿಯೂ ಉಳಿಯದ ಪ್ರತಿಗಳು ಇಲ್ಲಿ ಉಳಿದುವು. ಯಾತ್ರಿಕರು ದೂರದಿಂದ ಬಂದು ಅವುಗಳ ದರ್ಶನ ಮಾಡಿ ಕೈಮುಗಿದು ಹೋಗುತ್ತಿದ್ದರು. ತೆರೆದು ಓದುವುದು ಬಹುಕಾಲ ನಡೆಯಲಿಲ್ಲ. ಹತ್ತೊಂಬತ್ತನೆಯ ಶತಮಾನದ ಕೊನೆಗೆ ಪ್ರತಿ ಮಾಡುವ ಕೆಲಸ ಮೊದಲಾಯಿತು. ಹೀರಾಲಾಲ ಜೈನರ ಸಂಪಾದಕತ್ವದಲ್ಲಿ ಧವಲದ ಮೊದಲ ಸಂಪುಟ 1939ರಲ್ಲಿ ಅಚ್ಚಾಗಿ ಹೊರಬಂತು. ಕಾಪಾಡಿದವರಿಗೆ ನಾವು ಋಣಿಗಳು. ಅವರಿಲ್ಲದಿದ್ದರೆ ಓದಲು ಏನೂ ಇರುತ್ತಿರಲಿಲ್ಲ. ಆದರೆ ಓದುವವರು ಬರುವ ತನಕ ಆ ಓಲೆಗಳು ಪೂಜೆಯ ವಸ್ತುವಾಗಿದ್ದುವೇ ಹೊರತು ವಿದ್ಯೆಯಾಗಿರಲಿಲ್ಲ. ಗೋಡೆಗೆ ತೂಗುಹಾಕಿದ ಸರ್ಟಿಫಿಕೇಟಿನ ಸ್ಥಿತಿಯೂ ಇಷ್ಟೆ. ಅದು ಬೇಡವೆನ್ನುವಂತಿಲ್ಲ, ಆದರೆ ದಿನವೂ ತರಗತಿಯಲ್ಲಿ ಅದನ್ನು ಬಿಚ್ಚಿ ಓದಬೇಕು.

ಈಗ ಅನ್ನದ ಪ್ರಶ್ನೆಗೆ ಬರೋಣ. 2025ರ ಸೆಪ್ಟೆಂಬರ್ 1ರಂದು ಸುಪ್ರೀಂ ಕೋರ್ಟು ಒಂದು ತೀರ್ಪು ನೀಡಿತು. ಒಂದರಿಂದ ಎಂಟನೆಯ ತರಗತಿಗೆ ಕಲಿಸುತ್ತ ಈಗಾಗಲೇ ಸೇವೆಯಲ್ಲಿರುವ ಉಪಾಧ್ಯಾಯರೂ, ನಿವೃತ್ತಿಗೆ ಐದು ವರ್ಷಕ್ಕಿಂತ ಹೆಚ್ಚು ಉಳಿದಿದ್ದರೆ, ಎರಡು ವರ್ಷದೊಳಗೆ ಟಿ.ಇ.ಟಿ. ಉತ್ತೀರ್ಣರಾಗಬೇಕು, ಆಗದಿದ್ದರೆ ಕೆಲಸ ಬಿಡಬೇಕು. ಐದು ವರ್ಷಕ್ಕಿಂತ ಕಡಮೆ ಉಳಿದವರು ಮುಂದುವರಿಯಬಹುದು, ಆದರೆ ಪರೀಕ್ಷೆಯಿಲ್ಲದೆ ಬಡ್ತಿ ಇಲ್ಲ. ಅಲ್ಪಸಂಖ್ಯಾತರ ಸಂಸ್ಥೆಗಳ ವಿಚಾರವನ್ನು ಮಾತ್ರ ಹೆಚ್ಚಿನ ಪೀಠಕ್ಕೆ ಒಪ್ಪಿಸಲಾಯಿತು.

ಇಪ್ಪತ್ತೈದು ವರ್ಷ ಕಲಿಸಿದ ಟೀಚರೊಬ್ಬರು, ತನ್ನಲ್ಲೇ ಅಕ್ಷರ ಕಲಿತ ಹುಡುಗಿಯ ಪಕ್ಕದ ಬೆಂಚಿನಲ್ಲಿ ಕುಳಿತು ಪರೀಕ್ಷೆ ಬರೆಯಬೇಕಾದೀತು. ಅದರ ನೋವನ್ನು ಅಲ್ಲಗಳೆಯುವವನು ಕಲ್ಲೆದೆಯವನು. ಅವರನ್ನು ನೇಮಿಸಿಕೊಂಡಾಗ ಸರಕಾರ ಕೇಳಿದ್ದು ಟಿ.ಸಿ.ಎಚ್.; ಅದನ್ನು ಅವರು ಕೊಟ್ಟರು. ಅದೂ ಒಂದು ಮಾತಲ್ಲವೆ? “ಅನುಭವವೇ ಪ್ರಮಾಣ” ಎಂದು ಅವರು ಹೇಳಿದರೆ ತಪ್ಪೇನು?

ತಪ್ಪಿಲ್ಲ, ಆದರೆ ಅನುಭವವೂ ತಾನಾಗಿಯೇ ಪ್ರಮಾಣವಾಗದು. ಇಪ್ಪತ್ತೈದು ವರ್ಷ ಕಲಿಸಿದವರಿದ್ದಾರೆ; ಒಂದೇ ವರ್ಷವನ್ನು ಇಪ್ಪತ್ತೈದು ಸಲ ಕಲಿಸಿದವರೂ ಇದ್ದಾರೆ. ಕಾಲವೊಂದೇ ಇವರಿಬ್ಬರನ್ನು ಬೇರ್ಪಡಿಸಲಾರದು. ಮಗುವಿಗೆ ಕೊಟ್ಟ ಮಾತು ಮುಖ್ಯವೆಂದಾದರೆ ಹಿರಿಯ ಉಪಾಧ್ಯಾಯರೂ ಆ ಮಾತಿನೊಳಗೇ ಬರಬೇಕು. 2023ರ ಆಗಸ್ಟಿನಲ್ಲಿ ಇದೇ ಕೋರ್ಟು ಬಿ.ಎಡ್. ಆದವರು ಐದನೆಯ ತರಗತಿಯವರೆಗೆ ಕಲಿಸಲು ಅರ್ಹರಲ್ಲವೆಂದು ಹೇಳಿದಾಗಲೂ ಆಧಾರವಾದದ್ದು ಇಂಥದೇ ತತ್ತ್ವ: ಚಿಕ್ಕವರಿಗೆ ಕಲಿಸುವುದು ಕೀಳು ಕೆಲಸವಲ್ಲ, ಬೇರೆಯೇ ಕೆಲಸ, ಅದಕ್ಕೆ ಬೇರೆಯೇ ತಯಾರಿ ಬೇಕು. ಈ ತತ್ತ್ವವನ್ನು ಒಪ್ಪಲು ನನಗೆ ಸಂಕೋಚವಿಲ್ಲ.

ಸಂಕೋಚ ಬೇರೆಡೆ ಇದೆ. ಮಗುವಿಗೆ ಮಾತು ಕೊಟ್ಟವರು ಮಾಸ್ತರರೊಬ್ಬರೇ ಅಲ್ಲ, ಸರಕಾರ. ಸರಕಾರದ ಹಿಂದೆ ನಾವು. ಆ ಮಾತಿನ ಸಾಲವನ್ನು ಮಾಸ್ತರರೊಬ್ಬರಿಂದಲೇ ವಸೂಲು ಮಾಡುವುದು ಧರ್ಮವೆ? ಟಿ.ಇ.ಟಿ. ಪತ್ರಕ್ಕೆ ಮೊದಲು ಏಳು ವರ್ಷದ ಆಯುಸ್ಸು ಇತ್ತು. 2021ರಲ್ಲಿ ಅದನ್ನು ಜೀವಮಾನದ ಪತ್ರವನ್ನಾಗಿ ಮಾಡಿದರು. ಏಳು ವರ್ಷಕ್ಕೆ ಹಳಸುತ್ತಿದ್ದ ತಿಳಿವು ಒಂದು ಆದೇಶದಿಂದ ಅಕ್ಷಯವಾಯಿತೆ? ಅಳತೆಗೋಲನ್ನು ಹಿಡಿದವರಿಗೇ ಇಷ್ಟು ಅನಿಶ್ಚಯವಿರುವಾಗ, ಅಳತೆಗೆ ನಿಂತವರ ಬಗ್ಗೆ ಸ್ವಲ್ಪ ದಾಕ್ಷಿಣ್ಯ ಬೇಡವೆ? ಪರೀಕ್ಷೆ ಬರೆಯಿರಿ ಎನ್ನುವವರು ಓದಲು ರಜೆ, ಪುಸ್ತಕ, ಕಲಿಸುವವರು ಇವುಗಳನ್ನೂ ಒದಗಿಸಬೇಕು. ಸೋತವರನ್ನು ಮನೆಗೆ ಕಳುಹಿಸುವ ಮೊದಲು ಒಮ್ಮೆಯಾದರೂ ಅವರ ತರಗತಿಯಲ್ಲಿ ಕುಳಿತು ನೋಡಬೇಕು. ಬಂಟ್ವಾಳದಲ್ಲಿ ಹುಟ್ಟಿದ ಪಂಜೆ ಮಂಗೇಶರಾಯರು ಶಾಲಾ ಇನ್‌ಸ್ಪೆಕ್ಟರರಾಗಿದ್ದರು; ಅವರೇ ಮಕ್ಕಳಿಗೆ ಹಾಡು ಕಟ್ಟಿದರು, ಕತೆ ಬರೆದರು. ತನಿಖೆ ಮಾಡುವವನು ಕಲಿಸಲೂ ಬಲ್ಲವನಾಗಿದ್ದರೆ ತನಿಖೆಗೆ ಯಾರೂ ಅಂಜಬೇಕಾಗಿಲ್ಲ.

ಇನ್ನೊಂದು ವಿಷಯವನ್ನು ಮುಚ್ಚಿಡಲಾಗದು. ಖಾಲಿ ಬಿದ್ದ ಹುದ್ದೆಗಳನ್ನು ತುಂಬದೆ, ಸರಕಾರಿ ಶಾಲೆಗಳನ್ನು ‘ಅತಿಥಿ ಶಿಕ್ಷಕ’ರಿಂದ ವರ್ಷ ವರ್ಷವೂ ದಾಟಿಸುವ ಪದ್ಧತಿ ಬೆಳೆದಿದೆ. ಜೂನಿನಲ್ಲಿ ಕರೆದು ಬೇಸಗೆಗೆ ಬಿಡುವುದು. ಮುಂದಿನ ಜೂನಿಗೆ ಮತ್ತೆ ಅರ್ಜಿ. ಅತಿಥಿಗೆ ಒಂದು ಹೊತ್ತಿನ ಊಟ ಹಾಕಿ ಕಳುಹಿಸಬಹುದು. ಮಗುವಿನ ಎಂಟು ವರ್ಷಗಳನ್ನು ಅತಿಥಿಯ ಕೈಗೆ ಒಪ್ಪಿಸಿ, ಅವನಿಗೆ ನಾಳೆಯ ಭರವಸೆಯನ್ನೂ ಕೊಡದೆ, ಅರ್ಹತೆಯ ಮಾತನಾಡುವುದು ಹೇಗೆ? ಸರಕಾರ ತನ್ನ ಪಾಲಿನ ಪರೀಕ್ಷೆಯಲ್ಲಿ ಇಲ್ಲಿ ಅನುತ್ತೀರ್ಣವಾಗಿದೆ ಎಂದರೆ ಕಟುವಾದೀತು, ಸುಳ್ಳಾಗದು.

ಪಟ್ಟಣದಲ್ಲಿರುವ ನಮ್ಮ ಮಾತೇನು? ಮಗುವನ್ನು ಶಾಲೆಗೆ ಸೇರಿಸುವಾಗ ನಾವು ಕಟ್ಟಡ ನೋಡುತ್ತೇವೆ, ಬಸ್ಸು ನೋಡುತ್ತೇವೆ, ಇಂಗ್ಲಿಷ್ ಮಾಧ್ಯಮವೇ ಎಂದು ಎರಡು ಸಲ ಕೇಳುತ್ತೇವೆ. ಕಲಿಸುವವರು ಏನು ಓದಿದ್ದಾರೆ, ಅವರಿಗೆ ತಿಂಗಳಿಗೆ ಎಷ್ಟು ಸಂಬಳ, ಹೋದ ವರ್ಷ ಇದ್ದವರು ಈ ವರ್ಷವೂ ಇದ್ದಾರೆಯೆ ಎಂದು ಕೇಳುವುದಿಲ್ಲ. ಅಡಿಗೆಯವರನ್ನು ಗೊತ್ತುಮಾಡುವಾಗ ಇದಕ್ಕಿಂತ ಹೆಚ್ಚು ವಿಚಾರಿಸುತ್ತೇವೆ. ಮಕ್ಕಳ ಪರವಾಗಿ ಆರಿಸುವ ಹೊಣೆಯನ್ನು ಸರಕಾರಕ್ಕೆ ಬಿಟ್ಟು, ಸರಕಾರವನ್ನು ಟೀಕಿಸುವ ಹಕ್ಕನ್ನು ಮಾತ್ರ ನಾವು ಇಟ್ಟುಕೊಂಡಿದ್ದೇವೆ.

ಮಾಸ್ತರರ ಸರ್ಟಿಫಿಕೇಟಿಗೆ ಸರಕಾರದ ಸಹಿ ಒಂದಿದ್ದರೆ ಸಾಲದು. ಮಗುವಿಗೆ ಕೊಟ್ಟ ಮಾತಾದುದರಿಂದ ಅದಕ್ಕೆ ಮೂರು ಸಹಿ ಬೇಕು: ತರಬೇತಿಯನ್ನೂ ನೆಲೆಯಾದ ಕೆಲಸವನ್ನೂ ಕೊಡುತ್ತೇನೆಂದು ಸರಕಾರದ್ದು, ಪ್ರತಿ ವರ್ಷವೂ ಹೊಸದಾಗಿ ಕಲಿಯುತ್ತೇನೆಂದು ಮಾಸ್ತರರದ್ದು, ವಿಚಾರಿಸುತ್ತಿರುತ್ತೇವೆಂದು ತಂದೆತಾಯಿಗಳದ್ದು. ಮೊದಲ ಎರಡು ಸಹಿಗಳ ಬಗ್ಗೆ ಕೋರ್ಟಿನವರೆಗೆ ವಾದ ನಡೆದಿದೆ. ಮೂರನೆಯದಕ್ಕೆ ಯಾರ ಅಪ್ಪಣೆಯೂ ಬೇಕಾಗಿಲ್ಲ. ಬರುವ ಜೂನಿನಲ್ಲಿ ಶಾಲೆಯ ಬಾಗಿಲು ತೆರೆದಾಗ ನಾವೇ ಹೋಗಿ ಹಾಕಬಹುದು.