ಇಂದಿನ ಧಮ್ಮ ಚಿಂತನೆ: ಟರ್ಬೊ ಕಾರು ಮತ್ತು ಗೃಹಸ್ಥರ ನಾಲ್ಕು ಸುಖಗಳು





ನಮ್ಮ ಬಳಗದ ಒಬ್ಬ ತಮ್ಮ ಒಂದು ಪ್ರಶ್ನೆ ಕಳಿಸಿದ್ದಾನೆ. ದಿನಾ ಬೆಳಗ್ಗೆ ಬಂಗಾರಪೇಟೆಯಲ್ಲಿ ರೈಲು ಹತ್ತಿ ಬೆಂಗಳೂರಿಗೆ ಹೋಗಿ ದುಡಿಯುವ ಹುಡುಗ. ಕೆಲವು ವರ್ಷ ಕಷ್ಟಪಟ್ಟು ಉಳಿಸಿದ ಹಣ ಕೈಯಲ್ಲಿದೆ. ಸೆಕೆಂಡ್ ಹ್ಯಾಂಡ್ ಪೋಲೊ ಜಿಟಿ ಟಿಎಸ್‌ಐ ಕಾರು ಕೊಂಡು, ಎಂಜಿನ್ ರೀಮ್ಯಾಪ್ ಮಾಡಿಸಿ, ಸೈಲೆನ್ಸರ್ ಬದಲಿಸಿ, ಇನ್ನೂ ಜೋರಾಗಿ ಓಡುವ ಹಾಗೆ ಮಾಡಿಸಬೇಕು ಎಂಬ ಆಸೆ. ಮನೆಯ ದೊಡ್ಡವರು "ಇದೇ ತೃಷ್ಣೆ, ಬುದ್ಧರು ಬಿಡು ಅಂದದ್ದು ಇದನ್ನೇ" ಎಂದರಂತೆ. "ಮೇಷ್ಟ್ರೇ, ಧಮ್ಮದಲ್ಲಿ ನನ್ನ ಆಸೆಗೆ ಜಾಗವೇ ಇಲ್ಲವಾ?" ಎಂದು ಕೇಳಿದ್ದಾನೆ.

ಪ್ರಶ್ನೆ ಕೇಳುವುದು ನಮ್ಮ ಊರಿಗೆ ಹೊಸದಲ್ಲ. ನೂರು ವರ್ಷಗಳಿಗೂ ಹಿಂದೆ, ಪಂಡಿತ ಅಯೋತಿದಾಸರ ಶಾಕ್ಯ ಬೌದ್ಧ ಸಂಘದ ಶಾಖೆಯನ್ನು ಇದೇ ಮಾರಿಕುಪ್ಪಂನಲ್ಲಿ ನಡೆಸಿದವರು ನಮ್ಮ ಜನ. ಹಾಗಾಗಿ ಈ ತಮ್ಮನ ಪ್ರಶ್ನೆಯನ್ನು ತಳ್ಳಿಹಾಕದೆ ಇವತ್ತು ಎಲ್ಲರೂ ಕೂಡಿ ಯೋಚಿಸೋಣ.

*ನಿಯಮವಲ್ಲ, ತತ್ವ*

ಮೊದಲನೆಯದಾಗಿ, "ಟರ್ಬೊ ಕಾರು ಕೊಳ್ಳಬೇಡ" ಎಂಬ ನಿಯಮ ಧಮ್ಮದಲ್ಲಿಲ್ಲ. "ಕೊಳ್ಳು" ಎಂಬ ಅಪ್ಪಣೆಯೂ ಇಲ್ಲ. ಬಾಬಾಸಾಹೇಬರು 'ಬುದ್ಧ ಮತ್ತು ಆತನ ಧಮ್ಮ' ಗ್ರಂಥದಲ್ಲಿ ಅಹಿಂಸೆಯ ಬಗ್ಗೆ ಬರೆಯುವಾಗ ತತ್ವ ಬೇರೆ, ನಿಯಮ ಬೇರೆ ಎಂದು ಬಿಡಿಸಿ ಹೇಳುತ್ತಾರೆ. ನಿಯಮಕ್ಕೆ ತಲೆಬಾಗುವುದಷ್ಟೇ ನಮ್ಮ ಕೆಲಸ. ತತ್ವವಾದರೆ ಯೋಚಿಸುವ ಸ್ವಾತಂತ್ರ್ಯವನ್ನೂ ಕೊಡುತ್ತದೆ, ಹೊಣೆಯನ್ನೂ ಹೊರಿಸುತ್ತದೆ.

ಅದೇ ಗ್ರಂಥದ ಕೊನೆಯ ಭಾಗದಲ್ಲಿ ಬುದ್ಧರ ಇಷ್ಟಾನಿಷ್ಟಗಳ ಬಗ್ಗೆ ಬರುತ್ತದೆ. ಬುದ್ಧರಿಗೆ ಬಡತನ ಇಷ್ಟವಿರಲಿಲ್ಲ ಎಂಬುದು ಅಲ್ಲಿ ಮೊದಲು ಬರುತ್ತದೆ. ಅದರ ಹಿಂದೆಯೇ, ಕೂಡಿಹಾಕುವ ದುರಾಸೆಯೂ ಇಷ್ಟವಿರಲಿಲ್ಲ ಎಂದಿದೆ. ಅದಾದ ಮೇಲೆ, ಸುಂದರವಾದದ್ದನ್ನು ಕಂಡು ಅವರು ಸಂತೋಷಪಡುತ್ತಿದ್ದರು ಎಂದಿದೆ. ಚೆನ್ನಾಗಿ ಮಾಡಿದ ಒಂದು ಯಂತ್ರವನ್ನು ಕಂಡು ಮನಸ್ಸು ಅರಳುವುದು ಪಾಪವಲ್ಲ.

*ವಾಹನ ನಮಗೆ ಬರೀ ವಾಹನವಲ್ಲ*

ಇನ್ನೊಂದು ಮಾತು. ನಾಲ್ಕು ತಲೆಮಾರಿನಿಂದ ಕಾರಿನಲ್ಲೇ ಓಡಾಡಿದವರು ನಮಗೆ "ಆಸೆ ಬಿಡಿ" ಎಂದು ಹೇಳುವುದು ಸುಲಭ. ನಮ್ಮ ಅಜ್ಜಂದಿರು ಕೇಜಿನಲ್ಲಿ ನಿಂತು ಭೂಮಿಯೊಳಗೆ ಇಳಿದವರು. ಚಾಂಪಿಯನ್ ರೀಫ್ ಗಣಿಯ ಆಳ ಮೂರು ಕಿಲೋಮೀಟರ್‌ಗೂ ಹೆಚ್ಚು. ಚಿನ್ನ ತೆಗೆದವರು ಅವರು, ಚಿನ್ನ ಹೋದದ್ದು ಬೇರೆಯವರ ಕೈಗೆ. ಧೂಳು ಮಾತ್ರ ಅವರ ಎದೆಯಲ್ಲಿ ಉಳಿಯಿತು. 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿದ ಮೇಲೆ ಮಕ್ಕಳು ಮೊಮ್ಮಕ್ಕಳು ರೈಲು ಹತ್ತಿದರು. ಅಂಥ ಮನೆಯ ಹುಡುಗನೊಬ್ಬ ಲೈನ್ ಮನೆಯ ಮುಂದೆ ತನ್ನ ದುಡಿಮೆಯ ಕಾರು ನಿಲ್ಲಿಸುತ್ತೇನೆ ಎಂದರೆ ಅದರಲ್ಲಿ ಸ್ವಾಭಿಮಾನವೂ ಇದೆ. ಅದನ್ನು ತೃಷ್ಣೆ ಎಂಬ ಒಂದೇ ಮಾತಿನಲ್ಲಿ ಮುಗಿಸುವುದು ನ್ಯಾಯವಲ್ಲ.

ವಾಹನಕ್ಕೂ ಜಾತಿಗೂ ಇರುವ ನಂಟನ್ನು ಬಾಬಾಸಾಹೇಬರು ಸ್ವತಃ ಅನುಭವಿಸಿ ಬರೆದಿದ್ದಾರೆ. 'ವೇಟಿಂಗ್ ಫಾರ್ ಎ ವೀಸಾ' ಎಂಬ ಅವರ ಆತ್ಮಕಥನದ ಬರಹದಲ್ಲಿ ಎರಡು ಘಟನೆಗಳಿವೆ. ಚಿಕ್ಕ ಹುಡುಗನಾಗಿದ್ದಾಗ ತಂದೆಯನ್ನು ನೋಡಲು ಹೊರಟಿದ್ದರು. ಮಸೂರ್ ರೈಲು ನಿಲ್ದಾಣದಲ್ಲಿ ಜಾತಿ ತಿಳಿದ ಮೇಲೆ ಯಾವ ಗಾಡಿಯವನೂ ಕೂರಿಸಿಕೊಳ್ಳಲಿಲ್ಲ. ಕೊನೆಗೆ ಎರಡರಷ್ಟು ಬಾಡಿಗೆ ಕೊಟ್ಟು ಮಕ್ಕಳೇ ಗಾಡಿ ಹೊಡೆಯಬೇಕಾಯಿತು. ಗಾಡಿಯವನು ಪಕ್ಕದಲ್ಲಿ ನಡೆದುಕೊಂಡು ಬಂದ.

ಎರಡನೆಯದು 1929ರದು. ಆಗ ಅವರು ದೊಡ್ಡ ಬ್ಯಾರಿಸ್ಟರ್. ಚಾಳೀಸ್‌ಗಾಂವ್‌ನ ನಮ್ಮ ಜನ ಅವರನ್ನು ತಮ್ಮ ಕೇರಿಗೆ ಕರೆದರು. ಅಸ್ಪೃಶ್ಯನನ್ನು ಕೂರಿಸಿಕೊಂಡು ಟಾಂಗಾ ಓಡಿಸುವುದು ತಮ್ಮ ಗೌರವಕ್ಕೆ ಕಡಿಮೆ ಎಂದು ಟಾಂಗಾದವರು ಒಪ್ಪಲಿಲ್ಲ. ಅತಿಥಿಯನ್ನು ನಡೆಸಿಕೊಂಡು ಹೋಗುವುದು ನಮ್ಮವರಿಗೆ ಅವಮಾನ ಅನ್ನಿಸಿತು. ಟಾಂಗಾವನ್ನಷ್ಟೇ ಬಾಡಿಗೆಗೆ ತಂದು, ಓಡಿಸಿ ಅಭ್ಯಾಸವಿಲ್ಲದ ಒಬ್ಬರು ಲಗಾಮು ಹಿಡಿದರು. ನದಿಯ ಸೇತುವೆಯ ಮೇಲೆ ಚಕ್ರ ಸಿಕ್ಕಿಕೊಂಡು ಬಾಬಾಸಾಹೇಬರು ಕಲ್ಲುಹಾಸಿನ ಮೇಲೆ ಎಸೆಯಲ್ಪಟ್ಟರು. ಕುದುರೆ, ಗಾಡಿ ನದಿಗೆ ಬಿದ್ದವು. ಅವರ ಕಾಲಿನ ಮೂಳೆ ಮುರಿಯಿತು. ತನ್ನ ಘನತೆ ಉಳಿಸಲು ಹೋಗಿ ನನ್ನ ಜನ ನನ್ನ ಜೀವವನ್ನೇ ಅಪಾಯಕ್ಕೆ ಒಡ್ಡಿದರು ಎಂಬ ಅರ್ಥದಲ್ಲಿ ಅವರು ಬರೆಯುತ್ತಾರೆ. ಅದರಲ್ಲಿ ಸಿಟ್ಟಿಲ್ಲ, ನೋವಿದೆ.

ಬಂಧುಗಳೇ, ನಮ್ಮ ತಮ್ಮನ ಪ್ರಶ್ನೆಗೆ ಉತ್ತರ ಈ ಎರಡನೆಯ ಘಟನೆಯಲ್ಲಿದೆ. ಘನತೆ ಬೇಕು. ಆದರೆ ಘನತೆಗಾಗಿ ಜೀವ ಪಣಕ್ಕಿಡುವ ಸ್ಥಿತಿಯಿಂದ ನಮ್ಮನ್ನು ಹೊರಗೆ ತರಲೆಂದೇ ಬಾಬಾಸಾಹೇಬರು ಬದುಕು ಸವೆಸಿದರು.

*ನಾಲ್ಕು ಸುಖಗಳ ಅಳತೆ*

ಹಾಗಾದರೆ ಕಾರಿನ ಆಸೆಯನ್ನು ಅಳೆಯುವುದು ಹೇಗೆ? ಗೃಹಸ್ಥನ ಸುಖ ಯಾವುದರಲ್ಲಿದೆ ಎಂದು ಬುದ್ಧರು ಅನಾಥಪಿಂಡಿಕನಿಗೆ ತಿಳಿಸಿದ್ದಾರೆ. ಬಾಬಾಸಾಹೇಬರು ಇದನ್ನು ತಮ್ಮ ಗ್ರಂಥದಲ್ಲೂ ಸೇರಿಸಿದ್ದಾರೆ. ಸುಖಗಳು ನಾಲ್ಕು: ಅತ್ಥಿಸುಖ, ಭೋಗಸುಖ, ಅನಣಸುಖ, ಅನವಜ್ಜಸುಖ.

1️⃣ *ಅತ್ಥಿಸುಖ: ನ್ಯಾಯವಾಗಿ ದುಡಿದದ್ದು ನನ್ನ ಬಳಿ ಇದೆ ಎಂಬ ಸುಖ.* ಇದು ಈ ತಮ್ಮನಿಗೆ ಸಲ್ಲಲೇಬೇಕು. ಆದರೆ "ಇದೆ" ಎನ್ನುವುದು ನಿಜವಾಗಿರಲಿ. ಪೋಲೊ ಜಿಟಿ ಟಿಎಸ್‌ಐ ನಮ್ಮ ದೇಶಕ್ಕೆ ಬಂದದ್ದು 2013ರಲ್ಲಿ, 1.2 ಲೀಟರ್ ಎಂಜಿನ್, 105 ಪಿಎಸ್ ಶಕ್ತಿ. ಪೋಲೊ ತಯಾರಿಕೆ ಇಲ್ಲಿ 2022ರಲ್ಲಿ ನಿಂತಿತು. ಈಗ ಸಿಗುವುದೆಲ್ಲ ಇನ್ನೊಬ್ಬರು ಓಡಿಸಿದ ಗಾಡಿಯೇ. ಹಿಂದಿನವರು ರೀಮ್ಯಾಪ್ ಮಾಡಿಸಿ, ಚೆನ್ನಾಗಿ ದುಡಿಸಿ, ಮಾರುವ ಮುಂಚೆ ಹಳೆಯದಕ್ಕೇ ತಿರುಗಿಸಿದ್ದರೆ ಹೊರಗೆ ಕಾಣುವುದಿಲ್ಲ. ಸೈಲೆನ್ಸರ್‌ನಲ್ಲಿ ನೀಲಿ ಹೊಗೆ ಬರುತ್ತದೆಯೇ, ಗೇರ್ ಬದಲಾಗುವಾಗ ಜಗ್ಗುತ್ತದೆಯೇ, ಸರಿಯಾದ ಹೊತ್ತಿಗೆ ಆಯಿಲ್ ಬದಲಿಸಿದ ಸರ್ವಿಸ್ ದಾಖಲೆ ಇದೆಯೇ, ನಂಬಿಕೆಯ ಮೆಕ್ಯಾನಿಕ್ ಕಣ್ಣಲ್ಲಿ ನೋಡಿಸು. ಹಳೆಯ ಸಾಲ ತೀರಿ ಬ್ಯಾಂಕಿನ ಎನ್‌ಒಸಿ ಬಂದಿದೆಯೇ, ದಂಡದ ಚಲನ್ ಬಾಕಿ ಇದೆಯೇ ನೋಡು. ಆರ್‌ಸಿ ನಿನ್ನ ಹೆಸರಿಗೆ ಆಗಲಿ. ವಿಮೆ ವರ್ಗಾವಣೆಗೆ 14 ದಿನದೊಳಗೆ ಅರ್ಜಿ ಹಾಕು. "ಬಂದು ನೋಡು, ಪರೀಕ್ಷಿಸು" ಎಂಬ ಧಮ್ಮದ ಬುದ್ಧಿ ಇಲ್ಲಿಗೂ ಸಲ್ಲುತ್ತದೆ.

2️⃣ *ಭೋಗಸುಖ: ದುಡಿದದ್ದನ್ನು ಅನುಭವಿಸುವ, ಒಳ್ಳೆಯದಕ್ಕೆ ಬಳಸುವ ಸುಖ.* ಅಮ್ಮನನ್ನು ಕೋಲಾರದ ಆಸ್ಪತ್ರೆಗೆ ಕರೆದೊಯ್ಯಲು, ಅಕ್ಕನ ಮಗುವನ್ನು ಪರೀಕ್ಷೆಗೆ ಬಿಡಲು, ಭಾನುವಾರ ನಾಲ್ಕು ಜನ ಹಿರಿಯರನ್ನು ಬುದ್ಧ ವಿಹಾರಕ್ಕೆ ಕರೆತರಲು ಆ ಕಾರು ಒದಗಿದರೆ ಭೋಗಸುಖ ಇಮ್ಮಡಿ. ಒಬ್ಬನೇ ಕೂತು ರಾತ್ರಿ ಹನ್ನೊಂದರ ಮೇಲೆ ಹೈವೇಯಲ್ಲಿ ಓಡಿಸುವುದಕ್ಕಷ್ಟೇ ಆದರೆ ಆ ಸುಖ ಬೇಗ ಹಳಸುತ್ತದೆ.

3️⃣ *ಅನಣಸುಖ: ಸಾಲವಿಲ್ಲದ ಸುಖ.* ಬಡ್ಡಿಯ ರುಚಿ ನಮ್ಮ ಊರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಸುಮ್ಮನೆ ಲೆಕ್ಕಕ್ಕೆಂದು ನೋಡಿ: ಮೂರು ಲಕ್ಷ ಸಾಲ, ವರ್ಷಕ್ಕೆ ಶೇ. 14 ಬಡ್ಡಿ, ಐದು ವರ್ಷದ ಅವಧಿ. ತಿಂಗಳ ಕಂತು ಸುಮಾರು 7,000 ರೂಪಾಯಿ. ಕೊನೆಗೆ ಬಡ್ಡಿಯೇ ಒಂದು ಲಕ್ಷ ಹತ್ತೊಂಬತ್ತು ಸಾವಿರದಷ್ಟು. ಇದರ ಮೇಲೆ ಪೆಟ್ರೋಲ್, ವಿಮೆ, ಟೈರ್. ಹಳೆಯ ಟರ್ಬೊ ಕಾರಿನಲ್ಲಿ ಗೇರ್‌ಬಾಕ್ಸ್ ಕೈಕೊಟ್ಟರೆ ಕೆಲವು ತಿಂಗಳ ಸಂಬಳ ಒಂದೇ ಏಟಿಗೆ ಹೋಗುತ್ತದೆ. ಸಿಗಾಲನಿಗೆ ಬುದ್ಧರು ಗಳಿಕೆಯನ್ನು ನಾಲ್ಕು ಪಾಲು ಮಾಡಲು ಹೇಳಿದರು: ಒಂದು ಪಾಲು ಅನುಭವಿಸಲು, ಎರಡು ಪಾಲು ದುಡಿಮೆಗೆ, ನಾಲ್ಕನೆಯದು ಕಷ್ಟಕಾಲಕ್ಕೆ. ಕಾರು ಮೊದಲನೆಯ ಪಾಲಿನಲ್ಲಿ ಕೂರುತ್ತದೆಯೇ, ಅಥವಾ ನಾಲ್ಕನೆಯ ಪಾಲನ್ನೂ ನುಂಗುತ್ತದೆಯೇ? ತಮ್ಮಾ, ಈ ಲೆಕ್ಕವನ್ನು ಪೆನ್ನು ಹಿಡಿದು ಕೂತು ಮಾಡು.

4️⃣ *ಅನವಜ್ಜಸುಖ: ಯಾರೂ ಬೆರಳು ತೋರಿಸದಂಥ ನಡತೆಯ ಸುಖ.* ಮೊದಲ ಮೂರೂ ಸೇರಿದರೂ ಇದರ ಹದಿನಾರನೆಯ ಒಂದು ಪಾಲಿಗೆ ಸಮವಲ್ಲ ಎಂದರು ಬುದ್ಧರು. ಕಾರು ಕೊಳ್ಳುವುದು ಮೊದಲ ಮೂರರ ಮಾತಾದರೆ, ಮಾರ್ಪಾಡು ಮಾಡಿಸುವುದು ಈ ನಾಲ್ಕನೆಯದರ ಮಾತು.

ಕಾನೂನು ಏನು ಹೇಳುತ್ತದೆ? ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ತಯಾರಕರು ಕೊಟ್ಟ ವಿವರಕ್ಕೆ ವಿರುದ್ಧವಾಗುವಂತೆ ವಾಹನವನ್ನು ಬದಲಿಸುವಂತಿಲ್ಲ. ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಇದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯ ಪ್ರಕಾರ ಅನುಮತಿಯಿಲ್ಲದ ಒಂದೊಂದು ಮಾರ್ಪಾಡಿಗೂ ಮಾಲೀಕನಿಗೆ 5,000 ರೂಪಾಯಿ ದಂಡ, ಅಥವಾ ಆರು ತಿಂಗಳವರೆಗೆ ಜೈಲು, ಅಥವಾ ಎರಡೂ. ಮಾರ್ಪಾಡನ್ನು ಮುಚ್ಚಿಟ್ಟು ವಿಮೆ ಮಾಡಿಸಿದ್ದರೆ, ಅಪಘಾತವಾದ ದಿನ ವಿಮೆ ಕಂಪನಿ ಹಣ ಕೊಡಲು ತಕರಾರು ತೆಗೆಯಬಹುದು. ಸಂವಿಧಾನ ಬರೆದವರ ಮಕ್ಕಳು ನಾವು. ಜನರ ಜೀವ ಕಾಯುವ ಕಾನೂನನ್ನು ಮುರಿಯುವುದು ನಮಗೆ ಶೋಭೆಯಲ್ಲ.

ಕಾನೂನಿಗಿಂತ ಮೇಲೆ ಪಂಚಶೀಲವಿದೆ. ಮೊದಲ ಶೀಲ ಜೀವಹಿಂಸೆಯಿಂದ ದೂರವಿರುವುದು. ಐದನೆಯದು ಎಚ್ಚರ ತಪ್ಪಿಸುವ ಅಮಲಿನಿಂದ ದೂರವಿರುವುದು. ಅಮಲು ಬಾಟಲಿಯಲ್ಲಿ ಮಾತ್ರ ಇರುವುದಿಲ್ಲ, ವೇಗದಲ್ಲೂ ಇದೆ. ಲೈನ್ ಮನೆಗಳ ಗೋಡೆ ತೆಳು. ರಾತ್ರಿ ಸದ್ದು ಮಾಡುವ ಸೈಲೆನ್ಸರ್‌ಗೆ ಎದೆ ಹಿಡಿದುಕೊಂಡು ಏಳುವವರು, ಗಣಿಯ ಧೂಳು ಕುಡಿದು ಈಗ ಉಸಿರಿಗೆ ಒದ್ದಾಡುವ ನಮ್ಮ ತಾತನೇ ಆಗಿರಬಹುದು. ಹೊಸಕೋಟೆಯಿಂದ ಬೇತಮಂಗಲದ ಕಡೆ ಬಂದಿರುವ ಹೊಸ ಎಕ್ಸ್‌ಪ್ರೆಸ್‌ವೇ ನೇರವಾಗಿದೆ, ನಿಜ. ಆದರೆ ಅಲ್ಲೂ ವೇಗಕ್ಕೆ ಮಿತಿಯಿದೆ, ಎದುರಿನ ಕಾರಿನಲ್ಲೂ ಒಂದು ಸಂಸಾರವಿದೆ.

*ಟರ್ಬೊ ಹೇಳುವ ಪಾಠ*

ತೃಷ್ಣೆ ಹೇಗೆ ಕೆಲಸ ಮಾಡುತ್ತದೆ ಎಂಬುದಕ್ಕೆ ಟರ್ಬೊಗಿಂತ ಒಳ್ಳೆಯ ಉದಾಹರಣೆ ಸಿಗದು. ಎಂಜಿನ್ ಉಗುಳುವ ಬಿಸಿ ಹೊಗೆ ಒಂದು ಪುಟ್ಟ ಚಕ್ರವನ್ನು ತಿರುಗಿಸುತ್ತದೆ. ಅದೇ ದಂಡದ ಇನ್ನೊಂದು ತುದಿಯ ಚಕ್ರ ಗಾಳಿಯನ್ನು ಒತ್ತಿ ಎಂಜಿನ್‌ಗೆ ತಳ್ಳುತ್ತದೆ. ಹೆಚ್ಚು ಗಾಳಿ ಹೋದರೆ ಹೆಚ್ಚು ಪೆಟ್ರೋಲ್ ಉರಿಯುತ್ತದೆ, ಹೆಚ್ಚು ಹೊಗೆ ಬರುತ್ತದೆ, ಚಕ್ರ ಇನ್ನೂ ಜೋರಾಗಿ ತಿರುಗುತ್ತದೆ. ನಿಮಿಷಕ್ಕೆ ಒಂದು ಲಕ್ಷ ಸುತ್ತನ್ನೂ ದಾಟುತ್ತದೆ. ತನ್ನ ಹೊಗೆಯಿಂದಲೇ ತನ್ನ ಹಸಿವನ್ನು ಹೆಚ್ಚಿಸಿಕೊಳ್ಳುವ ಯಂತ್ರವಿದು.

ಹಾಗೇ ಬಿಟ್ಟರೆ ಎಂಜಿನ್ ಒಡೆಯುತ್ತದೆ. ಅದಕ್ಕೇ ಅಲ್ಲೊಂದು ಪುಟ್ಟ ಬಾಗಿಲು ಇಟ್ಟಿದ್ದಾರೆ, ವೇಸ್ಟ್‌ಗೇಟ್ ಎನ್ನುತ್ತಾರೆ. ಒತ್ತಡ ಮಿತಿ ಮುಟ್ಟಿದಾಗ ಅದು ತೆರೆದುಕೊಂಡು ಹೊಗೆಯನ್ನು ಪಕ್ಕಕ್ಕೆ ಬಿಡುತ್ತದೆ. ಇಂಥ ಕಾರಿನ ರೀಮ್ಯಾಪ್‌ನಲ್ಲಿ ಸಾಮಾನ್ಯವಾಗಿ ಆಗುವುದು ಆ ಮಿತಿಯನ್ನು ಇನ್ನಷ್ಟು ಮೇಲಕ್ಕೆ ಏರಿಸುವುದು. ಇವತ್ತು ಸ್ಟೇಜ್ ಒನ್, ಆಮೇಲೆ ಸ್ಟೇಜ್ ಟೂ, ಅದಾದ ಮೇಲೆ ದೊಡ್ಡ ಟರ್ಬೊ. ಸಾಕು ಎಂಬ ಸ್ಟೇಜ್ ಯಾವ ಅಂಗಡಿಯಲ್ಲೂ ಸಿಗುವುದಿಲ್ಲ.

ನಮ್ಮೊಳಗಿನ ಆ ಬಾಗಿಲಿಗೆ ಬುದ್ಧರು ಕೊಟ್ಟ ಹೆಸರು ಶೀಲ. ಅದು ಶಕ್ತಿಯ ಶತ್ರುವಲ್ಲ. ಆ ಬಾಗಿಲು ಇರುವುದರಿಂದಲೇ ಎಂಜಿನ್ ವರ್ಷಗಟ್ಟಲೆ ಬಾಳುತ್ತದೆ.

*ತಮ್ಮನಿಗೆ ನಾಲ್ಕು ಮಾತು*

ಕಾರು ಕೊಳ್ಳು. ಸಾಲ ಕಡಿಮೆ ಇರಲಿ ಅಥವಾ ಬೇಡವೇ ಬೇಡ. ರೀಮ್ಯಾಪ್‌ಗೆಂದು ತೆಗೆದಿಟ್ಟ ಹಣವನ್ನು ಮೊದಲು ಒಳ್ಳೆಯ ಟೈರ್‌ಗೆ, ಬ್ರೇಕ್ ಪ್ಯಾಡ್‌ಗೆ, ಆಯಿಲ್‌ಗೆ ಹಾಕು. ಕಂಪನಿ ಕೊಟ್ಟ 105 ಪಿಎಸ್ ನಮ್ಮ ರಸ್ತೆಗಳಿಗೆ ಧಾರಾಳ. ಜೋರಾಗಿ ಓಡಿಸಿ ಬಂದ ಮೇಲೆ ತಟ್ಟನೆ ಆಫ್ ಮಾಡದೆ ಒಂದು ನಿಮಿಷ ನಿಧಾನಕ್ಕೆ ಬಿಡು, ಟರ್ಬೊ ತಣಿಯಲಿ. ವೇಗದ ವಿದ್ಯೆಯನ್ನೇ ಕಲಿಯಬೇಕು ಎಂದಿದ್ದರೆ ಅದಕ್ಕೂ ಜಾಗವಿದೆ. ಚೆನ್ನೈ ದಾರಿಯಲ್ಲಿ ಶ್ರೀಪೆರಂಬದೂರಿನ ಹತ್ತಿರ ಇರುಂಗಾಟ್ಟುಕೋಟೈ ರೇಸ್ ಟ್ರ್ಯಾಕ್ ಇದೆ, ಕೊಯಮತ್ತೂರಿನ ಬಳಿ ಕಾರಿ ಸ್ಪೀಡ್‌ವೇ ಇದೆ. ಹೆಲ್ಮೆಟ್ ಹಾಕಿ, ಕಲಿಸುವವರ ಕೈಕೆಳಗೆ ಕಲಿ. ಅದು ವಿದ್ಯೆ. ಬೀದಿಯಲ್ಲಿ ಮಾಡಿದರೆ ಪ್ರಮಾದ.

ಮನೆಯ ದೊಡ್ಡವರಿಗೂ ಒಂದು ವಿನಂತಿ. ಹುಡುಗರ ಆಸೆಯ ಮುಂದೆ ತೃಷ್ಣೆ ಎಂಬ ಶಬ್ದವನ್ನು ಬೈಗುಳದ ಹಾಗೆ ಬಳಸಬೇಡಿ. ಪಕ್ಕದಲ್ಲಿ ಕೂತು ಲೆಕ್ಕ ಹಾಕಿ. ಕಲ್ಯಾಣಮಿತ್ರರ ಕೆಲಸ ಅದೇ.

*ಇಂದಿನ ಅಭ್ಯಾಸ:* ಸಂಜೆ ಹತ್ತು ನಿಮಿಷ ಮೌನವಾಗಿ ಕುಳಿತುಕೊಳ್ಳಿ. ನಿಮಗೆ ಈಗ ತುಂಬಾ ಬೇಕು ಅನ್ನಿಸುವ ಒಂದು ವಸ್ತುವನ್ನು ನೆನೆಯಿರಿ. ಕಾರು, ಫೋನು, ಒಡವೆ, ಸೈಟು, ಏನಾದರೂ ಸರಿ. ಅದನ್ನು ನಾಲ್ಕು ಸುಖಗಳ ಮುಂದೆ ಒಂದೊಂದಾಗಿ ಇಟ್ಟು ನೋಡಿ. ನಾಲ್ಕನೆಯದರ ಮುಂದೆ ಅದು ನಿಂತರೆ ಧೈರ್ಯವಾಗಿ ತಂದುಕೊಳ್ಳಿ. ನಿಲ್ಲದಿದ್ದರೆ ಅದರಲ್ಲಿ ಯಾವ ಭಾಗ ತೆಗೆದರೆ ನಿಲ್ಲುತ್ತದೆ ಎಂದು ಯೋಚಿಸಿ.

ಎಲ್ಲರ ಪ್ರಯಾಣವೂ ಸುಖವಾಗಿರಲಿ, ಹೋದವರೆಲ್ಲ ಕ್ಷೇಮವಾಗಿ ಮನೆಗೆ ಬರಲಿ.

ಸಾಧು, ಸಾಧು, ಸಾಧು. 🙏
ಜೈ ಭೀಮ್. ನಮೋ ಬುದ್ಧಾಯ.